ಹವಾಯಿಯ ಹಿಮದೇವತೆ ಪೋಲಿಯಾಹುವಿನ ಕಥೆಗೂ ಮೌನಾ ಕೇಯಾದ ಕಲ್ಲಿನ ಬಾಚಿಗಳಿಗೂ ಏನಾದರೂ ಸಂಬಂಧ ಇದೆಯೇ?

ನೇರ ಸಂಬಂಧ ಇಲ್ಲ, ಆದರೆ ಎರಡರಲ್ಲೂ ಇರುವುದು ಹಿಮ ತಣಿಸಿದ ಲಾವಾ.

ಮೌನಾ ಕೇಯಾ 4,207 ಮೀಟರ್ ಎತ್ತರದ ಜ್ವಾಲಾಮುಖಿ. ಮೂಲನಿವಾಸಿಗಳ ಕಥೆಯಲ್ಲಿ, ಇಳಿಜಾರಿನ ಜಾರುಬಂಡಿ ಪಂದ್ಯದಲ್ಲಿ ಪೋಲಿಯಾಹುವಿಗೆ ಸೋತ ಜ್ವಾಲಾಮುಖಿ ದೇವತೆ ಪೆಲೆ ಸಿಟ್ಟಿನಿಂದ ಲಾವಾ ಉಕ್ಕಿಸುತ್ತಾಳೆ. ಪೋಲಿಯಾಹು ತನ್ನ ಹಿಮದ ಹೊದಿಕೆ ಬೀಸಿ ಅದನ್ನು ಹೆಪ್ಪುಗಟ್ಟಿಸುತ್ತಾಳೆ. ಅಂದಿನಿಂದ ಪೆಲೆಯ ಸೀಮೆ ದಕ್ಷಿಣದ ಜ್ವಾಲಾಮುಖಿಗಳಾದ ಮೌನಾ ಲೋವಾ, ಕೀಲವೇಯಾ.

ಶಿಖರಕ್ಕಿಂತ ತುಸು ಕೆಳಗೆ ಬಾಚಿಕಲ್ಲಿನ ಹಳೆಯ ಕ್ವಾರಿ ಇದೆ. ಹಿಮಯುಗದಲ್ಲಿ ಲಾವಾ ಹಿಮನದಿಗೆ ತಾಗಿ ಬೇಗ ತಣಿದದ್ದರಿಂದ ಅಲ್ಲಿನ ಕಲ್ಲು ಸಣ್ಣ ಕಣದ್ದು, ಭಾರೀ ಗಟ್ಟಿ. ಗುಳ್ಳೆ ತುಂಬಿದ ಸಾಮಾನ್ಯ ಲಾವಾ ಏಟು ಬಿದ್ದರೆ ಎಲ್ಲೆಂದರಲ್ಲಿ ಒಡೆಯುತ್ತದೆ, ಬಾಚಿಗೆ ಬಾರದು. ಗುಂಡುಕಲ್ಲಿನಿಂದ ಬಡಿದು, ಚಕ್ಕೆ ಎಬ್ಬಿಸಿ ಒರಟು ಆಕಾರ ಕೊಡುತ್ತಿದ್ದದ್ದು ಕ್ವಾರಿಯಲ್ಲೇ. ಕೆಳಗೆ ಒಯ್ದ ಮೇಲೆ ನೀರು, ಮರಳು ಹಾಕಿ ಉಜ್ಜಿ ಬಾಯಿ ಹರಿತ ಮಾಡಿ, ತೆಂಗಿನ ನಾರಿನ ಹುರಿಯಿಂದ ಮರದ ಹಿಡಿಗೆ ಬಿಗಿಯುತ್ತಿದ್ದರು. ಕೆತ್ತುವಾಗ ನಡುವೆಯೇ ಮುರಿದವುಗಳ ರಾಶಿ ಇಂದಿಗೂ ಕ್ವಾರಿಯಲ್ಲಿದೆ.

ಕಥೆ ಹಿಮಯುಗದ ನೆನಪು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಹಿಮನದಿ ಕರಗಿ ಸಾವಿರಾರು ವರ್ಷಗಳಾದ ಮೇಲೆಯೇ ಜನ ಆ ದ್ವೀಪಕ್ಕೆ ಬಂದದ್ದು. ಚಳಿಗಾಲದಲ್ಲಿ ಶಿಖರಕ್ಕೆ ಬೀಳುವ ಹಿಮವಂತೂ ಅವರು ಕಂಡದ್ದೇ.