ಸ್ಟೆಂಟ್ ಖರ್ಚನ್ನು ಸಿಸ್ಟರ್ ಯಾಕೆ ಹೇಳುವುದಿಲ್ಲ?

ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಬೇಕು, ಒಟ್ಟು ಎಷ್ಟಾಗುತ್ತದೆ ಅಂತ ಸಿಸ್ಟರ್ ಬಾಯಿ ಬಿಡುತ್ತಿಲ್ಲ ಅಂದಿದ್ದೀರಿ. ನಾನೂ ವಾರ್ಡ್ ನರ್ಸೇ. ಪೂರ್ತಿ ಲೆಕ್ಕ ನಮ್ಮ ಕೈಯಲ್ಲಿ ಇರುವುದಿಲ್ಲ. ಸುಮ್ನೆ ಅಂದಾಜಿಗೆ ಒಂದು ಹೇಳಿ, ಬಿಲ್ ಜಾಸ್ತಿ ಬಂದರೆ ಬೈಗುಳ ನಮಗೇ ಅಲ್ವಾ!

ಬಿಲ್ಲಿಂಗ್ ಕೌಂಟರಿನಲ್ಲಿ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಸ್ಟೆಂಟ್‌ಗೆ 2017ರಿಂದ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿದೆ. ಹಾಗಾಗಿ ಬಿಲ್‌ನಲ್ಲಿ ಅದರ ಬೆಲೆ, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿಯೇ ಇರಬೇಕು. ಡಬ್ಬಿಯ ಸ್ಟಿಕ್ಕರನ್ನು ನಾವು ಕೇಸ್ ಶೀಟಿಗೆ ಅಂಟಿಸುತ್ತೇವೆ, ತೋರಿಸಿ ಅನ್ನಿ.

ಬಿಪಿಎಲ್ ಕಾರ್ಡ್ ಇದ್ದರೆ ದುಡ್ಡು ಕಟ್ಟುವ ಮೊದಲೇ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಹುಡುಕಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ಆಸ್ಪತ್ರೆ ಆ ಯೋಜನೆಯಲ್ಲಿ ಇರಬೇಕು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಯಾಕೆ, ತಪ್ಪಿಸಿದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಸಿಸ್ಟರನ್ನೇ ಕೇಳಿ. ಕೂರಿಸಿಕೊಂಡು ಹೇಳುತ್ತಾರೆ.