ಗೂಗಲ್ ಇರುವಾಗ ಪೇಟೆಂಟ್ ಹುಡುಕಿಸಲು ದುಡ್ಡು ಕೊಡಬೇಕಾ?

ನೀವು ಕೇಳಿರುವುದು ಇಷ್ಟು: ಹೊಸ ಬಗೆಯ ಅಡಿಕೆ ಸುಲಿಯುವ ಯಂತ್ರ ಮಾಡಬೇಕೆಂದಿದ್ದೀರಿ, ಅದಕ್ಕೂ ಮೊದಲು ಪೇಟೆಂಟ್ ಹುಡುಕಾಟ, ಅಂದರೆ ಅಂಥದ್ದಕ್ಕೆ ಬೇರೆ ಯಾರಾದರೂ ಮೊದಲೇ ಹಕ್ಕು ಪಡೆದಿದ್ದಾರಾ ಅಂತ ನೋಡುವ ಕೆಲಸ, ಮಾಡಿಕೊಡಲು ಒಬ್ಬರು ಫೀಸ್ ಕೇಳಿದ್ದಾರೆ. ಗೂಗಲ್‌ನಲ್ಲಿ ನಾವೇ ನೋಡಿಕೊಂಡರೆ ಸಾಲದೇ?

ನಾನು ಇದೇ ಕೆಲಸದಲ್ಲಿರುವವನು. ಡೈ, ಕಬ್ಬಿಣ, ಮೋಟರ್ ಅಂತ ದುಡ್ಡು ಸುರಿಯುವ ಮೊದಲು ಹುಡುಕಿಸಿ ಅಂತಲೇ ಹೇಳುತ್ತೇನೆ.

ಪೇಟೆಂಟ್ ಬರೆಯುವವರು ‘ಅಡಿಕೆ’ ಅಂತ ಬರೆದೇ ಇರಬೇಕು ಅಂತಿಲ್ಲ. ‘ಗಟ್ಟಿ ಸಿಪ್ಪೆಯ ಕಾಯಿ ಬಿಡಿಸುವ ಸಾಧನ’ ಅಂತ ಸುಮ್ನೆ ಅಗಲವಾಗಿ ಬರೆದಿರುತ್ತಾರೆ. ಹಾಗಾಗಿ ನಾವು ಪದದ ಜೊತೆ, ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸಿ ಕೊಟ್ಟಿರುವ ವರ್ಗದ ಸಂಖ್ಯೆ ಹಿಡಿದೂ ಹುಡುಕುತ್ತೇವೆ. ಕಾಯಿಗಳ ಸಿಪ್ಪೆ ಸುಲಿಯುವ, ಒಡೆಯುವ ಯಂತ್ರಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎ23ಎನ್ 5/00 ಅಂತ ಜಾಗವಿದೆ. ಯಾವ ಭಾಷೆಯಲ್ಲಿ ಬರೆದಿದ್ದರೂ ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಅಡ್ಡಿ ಇದೆಯಾ ಅಂತ ನೋಡುವುದು ಅರ್ಧ ಕೆಲಸ ಮಾತ್ರ. ನಿಜವಾದ ಲಾಭ ಇನ್ನೊಂದು ಕಡೆ ಇದೆ, ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ ಸೀಮಿತ. ನಮ್ಮಲ್ಲಿ ಅದರ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತಾ ಇದ್ದರೆ. ಬೇರೆ ದೇಶದಲ್ಲಿ ಮಾತ್ರ ಪಡೆದ ಪೇಟೆಂಟ್ ಇದ್ದರೆ, ಅದರಲ್ಲಿರುವ ವಿಧಾನವನ್ನು ಇಲ್ಲಿ ಬಳಸಿ ಇಲ್ಲೇ ಮಾರಲು ಅದು ತಡೆಯಲ್ಲ. ಆ ದೇಶಕ್ಕೆ ರಫ್ತು ಮಾಡುವಂತಿಲ್ಲ, ಅಷ್ಟೇ. ಅವಧಿ ಮುಗಿದದ್ದಂತೂ ಎಲ್ಲರಿಗೂ ಮುಕ್ತ. ಬ್ಲೇಡಿನ ಕೋನ, ರೋಲರ್ ನಡುವಿನ ಅಂತರ ಎಲ್ಲ ಚಿತ್ರದ ಸಮೇತ ಅದರಲ್ಲೇ ಇರಬಹುದು. ನೀವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಪ್ರಶ್ನೆಗೆ ಯಾರೋ ಎಂದೋ ಉತ್ತರ ಬರೆದಿಟ್ಟಿರುತ್ತಾರೆ, ಅಲ್ವಾ?

ಹುಡುಕಾಟದ ಬೆಲೆ ಏನು ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಅರಿಶಿನ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಪ್ರತಿ ಅಡುಗೆಮನೆಗೂ ಗೊತ್ತಿದ್ದ ವಿಷಯ. ಆದರೆ ಇದು ಹೊಸದಲ್ಲ, ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅಲ್ಲಿ ಬೇಕಿದ್ದದ್ದು ಬರಹದ ಪುರಾವೆ. ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನೆಲ್ಲ ಜಾಲಾಡಿ 32 ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ನೀವು ಮೊದಲು ಒಂದೆರಡು ದಿನ ಸ್ವತಃ ನೋಡಿ. ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟ ಪುಟ, ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ಜಾಲತಾಣ ಎರಡೂ ಉಚಿತ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನೂ ವಿಚಾರಿಸಿ. ಹೀಗೆ ನೋಡಿಕೊಂಡು ಹೋದರೆ ಹುಡುಕುವವರ ಜೊತೆ ಮಾತು ಸಲೀಸಾಗುತ್ತದೆ.

ದುಡ್ಡು ಕೊಡುವಾಗ ಬರೀ ‘ಏನೂ ಸಿಗಲಿಲ್ಲ’ ಅನ್ನುವ ಉತ್ತರ ಒಪ್ಪಬೇಡಿ. ಎಲ್ಲಿ ಹುಡುಕಿದರು, ಯಾವ ವರ್ಗ, ಯಾವ ಪದ, ಯಾವ ದಿನಾಂಕದವರೆಗೆ ಅಂತ ಬರೆಸಿಕೊಳ್ಳಿ. ಸಿಕ್ಕ ಪ್ರತಿ ಪೇಟೆಂಟ್ ಈಗ ಜಾರಿಯಲ್ಲಿದೆಯೇ ಎಂದೂ ಬರೆದಿರಬೇಕು. ನೂರಕ್ಕೆ ನೂರು ಖಾತ್ರಿ ಅನ್ನುವವರನ್ನು ಬಿಟ್ಟುಬಿಡಿ. ಹೊಸ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳವರೆಗೆ ಪ್ರಕಟವಾಗುವುದೇ ಇಲ್ಲ, ಅವು ಯಾರ ಕಣ್ಣಿಗೂ ಬೀಳುವುದಿಲ್ಲ.