ನೆಟ್‌ನಲ್ಲಿ ಸಿಗುವುದು ಯಾರ ಮೈಯ ಲೆಕ್ಕ?

ಪ್ರಶ್ನೆ: ಅಕ್ಕಾ, ನನ್ನ ಅಮ್ಮನಿಗೆ 58 ವರ್ಷ. ನೋಡಲು ತೆಳ್ಳಗೇ ಇದ್ದಾರೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಈಚೆಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಡಾಕ್ಟರ್ ತೂಕ ಇಳಿಸಲು ಹೇಳಿದ್ದಾರೆ. ಅಮ್ಮನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23.5. ನೆಟ್‌ನಲ್ಲಿ ಎಲ್ಲಿ ನೋಡಿದರೂ 25ರ ಒಳಗಿದ್ದರೆ ಸರಿ ಅಂತಲೇ ಇದೆ. ಪೂರ್ತಿ ತಿಳಿಯೋಣ ಅಂತ ಒಂದು ಸಂಶೋಧನಾ ಲೇಖನ ತೆರೆದರೆ 35 ಡಾಲರ್ ಕೇಳಿತು. ಯಾರನ್ನು ನಂಬಲಿ?
— ಓದುಗರು, ಡೊಂಬಿವಲಿ

ಉತ್ತರ: ಡಾಕ್ಟರ್ ಮಾತು ಕೇಳಿ. ನೀವು ಓದಿದ್ದು ಸುಳ್ಳು ಅಂತಲ್ಲ. ಆದರೆ 25ರ ಆ ಗೆರೆ ಎಳೆದದ್ದು ಹೆಚ್ಚಾಗಿ ಯುರೋಪ್, ಅಮೆರಿಕದವರ ಲೆಕ್ಕ ಇಟ್ಟುಕೊಂಡು. ಏಷ್ಯಾದವರು 23 ದಾಟಿದಾಗಲೇ ಹುಷಾರಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. 2009ರಲ್ಲಿ ನಮ್ಮ ದೇಶದ ತಜ್ಞರು ಸೇರಿ, 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು ಅಂತ ಗೊತ್ತುಮಾಡಿದರು. ಅಂದರೆ ನಿಮ್ಮ ಅಮ್ಮ ಒಂದು ಪುಟದ ಪ್ರಕಾರ ಸರಿ ಇದ್ದಾರೆ, ಇನ್ನೊಂದರ ಪ್ರಕಾರ ಗೆರೆ ದಾಟಿದ್ದಾರೆ.

ಇದಕ್ಕೆ ಪುಣೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಮೈಯನ್ನೇ ಹೋಲಿಸಿ ಒಂದು ಪುಟ್ಟ ಬರಹ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿರುವ ಕೊಬ್ಬು ಅಳೆದು ನೋಡಿದರೆ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ತೂಕದ ಲೆಕ್ಕದಲ್ಲಿ ಸರಿಸಮ, ಕೊಬ್ಬಿನ ಲೆಕ್ಕದಲ್ಲಿ ಎರಡು ಪಟ್ಟಿಗೂ ಜಾಸ್ತಿ. ತೆಳ್ಳಗೆ ಕಾಣುವ ನಮ್ಮವರಿಗೆ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ವಿವರಣೆ ನಾನು ಕಂಡಿಲ್ಲ.

ಹಾಗಾದರೆ ಇದು ನಿಮಗೆ ಮೊದಲ ಪುಟದಲ್ಲಿ ಯಾಕೆ ಸಿಗಲಿಲ್ಲ? ಹುಡುಕಾಟದಲ್ಲಿ ಮೇಲೆ ಬರುವುದು ಜಾಸ್ತಿ ಜನ ನೋಡಿದ್ದು, ಜಾಸ್ತಿ ಕಡೆ ಲಿಂಕ್ ಆಗಿದ್ದು, ಕೆಲವು ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ನಿಮ್ಮ ಅಮ್ಮನಿಗೆ ಹೊಂದುವುದು ಯಾವುದು ಅಂತ ಅದಕ್ಕೆ ಗೊತ್ತಿಲ್ಲ, ನೀವೇ ಹೇಳಬೇಕು. ಬಿಎಂಐ, ಡಯಾಬಿಟಿಸ್ ಅಂತ ಟೈಪ್ ಮಾಡುವಾಗ ಜೊತೆಗೆ 'ಸೌತ್ ಏಷ್ಯನ್' ಅಥವಾ 'ಏಷ್ಯನ್ ಇಂಡಿಯನ್' ಅಂತ ಸೇರಿಸಿ. ಬರೀ 'ಇಂಡಿಯನ್' ಅಂತ ಹಾಕಿದರೆ ಅಮೆರಿಕದ ಮೂಲನಿವಾಸಿಗಳ ಮೇಲಿನ ಲೇಖನಗಳೂ ಬಂದು ಬೀಳುತ್ತವೆ. ಲೇಖನ ತೆರೆದ ಮೇಲೆ ಕೊನೆಯ ತೀರ್ಮಾನಕ್ಕೆ ಹಾರಬೇಡಿ. ಯಾವ ದೇಶದವರ ಮೇಲೆ ಮಾಡಿದ್ದು, ಎಷ್ಟು ಜನ, ಹೆಂಗಸರು ಇದ್ದರಾ, ವಯಸ್ಸು ಎಷ್ಟು, ಇಷ್ಟನ್ನು ಮೊದಲು ಹುಡುಕಿ.

ಇದು ಬರೀ ಬಿಎಂಐ ವಿಷಯ ಅಲ್ಲ. ಕೋವಿಡ್ ಹೊತ್ತಿನಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ನೋಡುತ್ತಿದ್ದೆವಲ್ಲ, ಆ ಆಕ್ಸಿಮೀಟರ್ ಬಗ್ಗೆ 2020ರ ಡಿಸೆಂಬರಿನಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಆಕ್ಸಿಜನ್ ನಿಜಕ್ಕೂ ಕಡಿಮೆಯಾಗಿದ್ದರೂ ಉಪಕರಣ ಸರಿ ಇದೆ ಅಂತ ತೋರಿಸಿದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಯಾರ ಮೇಲೆ ಪರೀಕ್ಷೆ ಮಾಡಿದರು ಅನ್ನುವುದು ಇಷ್ಟು ದೊಡ್ಡ ವಿಷಯ.

ಇನ್ನು 35 ಡಾಲರ್. ಅಂದರೆ ಮೂರು ಸಾವಿರ ರೂಪಾಯಿ ಹತ್ತಿರ. ಕೊಡಬೇಡಿ. ಪಬ್‌ಮೆಡ್ ಅಂತ ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯ ನಡೆಸುವ ಪುಟ ಇದೆ, 1997ರಿಂದ ಎಲ್ಲರಿಗೂ ಪುಕ್ಕಟೆ. ಅಲ್ಲಿ ಸಿಗುವುದು ಹೆಚ್ಚಾಗಿ ಲೇಖನದ ಸಾರಾಂಶ ಮಾತ್ರ, ಆದರೆ ಕಂಪ್ಯೂಟರಿನಲ್ಲಿ ನೋಡಿದರೆ ಎಡಗಡೆ ಪಟ್ಟಿಯಲ್ಲಿ 'ಫ್ರೀ ಫುಲ್ ಟೆಕ್ಸ್ಟ್' ಅಂತ ಇರುತ್ತದೆ. ಅದನ್ನು ಟಿಕ್ ಮಾಡಿದರೆ ದುಡ್ಡಿಲ್ಲದೆ ಪೂರ್ತಿ ಓದಬಹುದಾದ್ದು ಮಾತ್ರ ಉಳಿಯುತ್ತದೆ. ಮೊದಲು ಟಿಕ್ ಇಲ್ಲದೆ ಹುಡುಕಿ, ಆಮೇಲೆ ಟಿಕ್ ಮಾಡಿ, ಎಷ್ಟು ಲೇಖನ ಮಾಯವಾಯಿತು ನೋಡಿ. ಮಾಯವಾದದ್ದರಲ್ಲೇ ನಿಮಗೆ ಬೇಕಾದ ಮಾತು ಇರಬಹುದು. ಅಂಥದ್ದು ಕಂಡರೆ ಲೇಖಕರಿಗೆ ಎರಡು ಸಾಲು ಇ-ಮೇಲ್ ಹಾಕಿ. ವಿಳಾಸ ಸಾಮಾನ್ಯವಾಗಿ ಅಲ್ಲೇ ಕೊಟ್ಟಿರುತ್ತಾರೆ. ಓದುಗರು ಕೇಳಿದರೆ ತಮ್ಮ ಲೇಖನ ಕಳಿಸುವ ಸಂಶೋಧಕರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರ. ನಾನು ವಿಜಯಪುರ ಕಡೆಯವನು, ವಾಸ್ಕೋದಲ್ಲಿ ಬಹಳ ವರ್ಷದಿಂದ ಇದ್ದೇನೆ. ಸಕ್ಕರೆ ಕಾಯಿಲೆ ಇದೆ. ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಬರೀ 'ಬೇರುಸಹಿತ ವಾಸಿ', 'ಮಾತ್ರೆ ಬಿಟ್ಟುಬಿಡಿ' ಅನ್ನೋ ವಿಡಿಯೋ ಬರುತ್ತವೆ. ಮಗ ಇಂಗ್ಲಿಷಿನಲ್ಲಿ ಹುಡುಕಿದರೆ ಬೇರೆಯೇ ಬರುತ್ತದೆ. ನಮಗೆ ಯಾಕೆ ಹೀಗೆ?
— ಓದುಗರು, ವಾಸ್ಕೋ

ಉತ್ತರ: ನಿಮ್ಮ ಪ್ರಶ್ನೆ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೊಡ್ಡ ಅಧ್ಯಯನವೊಂದರ ವರದಿ 2023ರಲ್ಲಿ ಬಂತು. ಅದರ ಪ್ರಕಾರ ಸಕ್ಕರೆ ಕಾಯಿಲೆ ದೇಶದಲ್ಲೇ ಜಾಸ್ತಿ ಇರುವುದು ಗೋವಾದಲ್ಲಿ, ಶೇ. 26.4. ಅಂದರೆ ವಯಸ್ಕರಲ್ಲಿ ನೂರಕ್ಕೆ ಇಪ್ಪತ್ತಾರು ಜನ. ಇಷ್ಟು ಜನಕ್ಕೆ ಬೇಕಾದ ತಿಳುವಳಿಕೆ ಇಂಗ್ಲಿಷಿನಲ್ಲಿದೆ, ಬಂದರಿನಲ್ಲೋ ಕಟ್ಟಡ ಕೆಲಸದಲ್ಲೋ ದುಡಿಯುವ ನಮ್ಮವರ ಫೋನಿಗೆ ಬರುವುದು ಮಾತ್ರ ಪುಡಿ ಮಾರುವವರ ವಿಡಿಯೋ.

ಕಾರಣ ಇಷ್ಟೇ. ಇಲ್ಲದ್ದನ್ನು ಫೋನು ತೋರಿಸಲಾರದು. ಸಂಶೋಧನೆ ಬಹುತೇಕ ಇಂಗ್ಲಿಷಿನಲ್ಲೇ ಅಚ್ಚಾಗುತ್ತದೆ. ಕನ್ನಡದ ಒಳ್ಳೆಯ ವೈದ್ಯರು ಪತ್ರಿಕೆ, ಪುಸ್ತಕಗಳಲ್ಲಿ ಬರೆದದ್ದು ಎಷ್ಟೋ ನೆಟ್‌ಗೆ ಬಂದೇ ಇಲ್ಲ. ಆ ಖಾಲಿ ಜಾಗದಲ್ಲಿ ಮಾರುವವರು ಬಂದು ಕೂತಿದ್ದಾರೆ. ನೀವು ಒಂದು ವಿಡಿಯೋ ಪೂರ್ತಿ ನೋಡಿದರೆ ಅಂಥದ್ದೇ ಇನ್ನಷ್ಟು ಬರುತ್ತವೆ.

ಮಗನಿಗೆ ಒಂದು ಕೆಲಸ ಹೇಳಿ. 'ಕಾಕ್ರೇನ್' ಅಂತ ಒಂದು ಸಂಸ್ಥೆ ಇದೆ, 1993ರಲ್ಲಿ ಶುರುವಾದದ್ದು. ಒಂದು ಔಷಧದ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುತ್ತಾರೆ. ಪ್ರತಿ ವರದಿಗೂ ಸರಳ ಭಾಷೆಯ ಸಾರಾಂಶ ಇರುತ್ತದೆ, ಪುಕ್ಕಟೆ. ಅದನ್ನು ಮಗ ಓದಿ ನಿಮಗೆ ಕನ್ನಡದಲ್ಲಿ ಹೇಳಲಿ. ಫೋನಿನ ಅನುವಾದವನ್ನೇ ನಂಬಬೇಡಿ, 'ಬೇಕು' ಇದ್ದದ್ದು 'ಬೇಡ' ಆಗಿಬಿಟ್ಟರೆ ಕಷ್ಟ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ಬಿಡಬೇಡಿ, ಅಣ್ಣಾ.

ಪ್ರಶ್ನೆ: ನಾನು ಪುಣೆಯ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ. ಸರ್ಕಾರಿ ಕಾಲೇಜಿನ ಗೆಳತಿಗೆ ತೆರೆಯುವ ಲೇಖನ ನನಗೆ ತೆರೆಯುವುದಿಲ್ಲ. ಪ್ರಾಜೆಕ್ಟ್ ಹೇಗೆ ಮಾಡಲಿ?
— ವಿದ್ಯಾರ್ಥಿನಿ, ಪುಣೆ

ಉತ್ತರ: ಗೆಳತಿಗೆ ತೆರೆಯುವುದು ಕೇಂದ್ರ ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ 'ಒಂದು ದೇಶ, ಒಂದು ಚಂದಾ' ಯೋಜನೆಯಿಂದ. 2025ರ ಜನವರಿಯಿಂದ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಕೆಲಸ ಒಳ್ಳೆಯದೇ. ಆದರೆ ಸಿಗುವುದು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ. ನೀವು ಹೊರಗೆ, ಡೊಂಬಿವಲಿಯ ಆ ಮಗಳು ಹೊರಗೆ, ವಾಸ್ಕೋದ ಅಣ್ಣನೂ ಹೊರಗೆ. ದುಡ್ಡು ಎಲ್ಲರ ತೆರಿಗೆಯದು ಅಲ್ವಾ? ಹಾಗಾದರೆ ಎಲ್ಲರಿಗೂ ತೆರೆಯಬೇಕು, ಕಡೇಪಕ್ಷ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತಾದರೂ ಓದಲು ಸಿಗಬೇಕು.

ಅಲ್ಲಿಯವರೆಗೆ 'ಅನ್‌ಪೇವಾಲ್' ಅನ್ನುವ ಪುಕ್ಕಟೆ ಎಕ್ಸ್‌ಟೆನ್ಷನ್ ಬ್ರೌಸರಿಗೆ ಹಾಕಿಕೊಳ್ಳಿ. ಲೇಖನದ ಪುಕ್ಕಟೆ ಪ್ರತಿ ಕಾನೂನುಬದ್ಧವಾಗಿ ಎಲ್ಲಾದರೂ ಇದ್ದರೆ ತೋರಿಸುತ್ತದೆ. ನಮ್ಮ ದೇಶದ ಪತ್ರಿಕೆಗಳನ್ನೂ ಬಿಡಬೇಡಿ. 1913ರಿಂದ ಬರುತ್ತಿರುವ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್', ಮುಂಬಯಿಯ ಕೆಇಎಂ ಆಸ್ಪತ್ರೆ ಮತ್ತು ಜಿ.ಎಸ್. ಮೆಡಿಕಲ್ ಕಾಲೇಜಿನಿಂದ ಬರುವ 'ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್', ಎರಡೂ ಪೂರ್ತಿ ತೆರೆದಿವೆ. ರೋಗಿಗಳೂ ನಮ್ಮವರೇ.

ಇನ್ನೊಂದು. ಅಚ್ಚಾಗದೆ ಉಳಿದದ್ದನ್ನೂ ಹುಡುಕಿ. ಖಿನ್ನತೆಯ ಮಾತ್ರೆಗಳ ಮೇಲೆ ಅಮೆರಿಕದಲ್ಲಿ ನೋಂದಣಿಯಾಗಿದ್ದ 74 ಪ್ರಯೋಗಗಳನ್ನು 2008ರಲ್ಲಿ ಪರಿಶೀಲಿಸಿದಾಗ, ಒಳ್ಳೆಯ ಫಲಿತಾಂಶ ಬಂದ 38ರಲ್ಲಿ 37 ಅಚ್ಚಾಗಿದ್ದವು, ಉಳಿದ 36ರಲ್ಲಿ 22 ಅಚ್ಚೇ ಆಗಿರಲಿಲ್ಲ. ನಮ್ಮಲ್ಲಿ 2007ರಿಂದ ಸಿಟಿಆರ್‌ಐ ಅಂತ ಪ್ರಯೋಗಗಳ ನೋಂದಣಿ ಪುಟ ಇದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ವಿಷಯದಲ್ಲಿ ಏನೇನು ನೋಂದಣಿಯಾಗಿದೆ, ಅದರಲ್ಲಿ ಯಾವುದರ ಫಲಿತಾಂಶ ಎಲ್ಲೂ ಕಾಣುತ್ತಿಲ್ಲ, ಬರೆದಿಟ್ಟುಕೊಳ್ಳಿ. ತೆರೆಯಲಾಗದ ಲೇಖನಗಳ ಹೆಸರನ್ನೂ ಬರೆಯಿರಿ. ಎರಡನ್ನೂ ಸೇರಿಸಿ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪ್ಯಾರಾ ಹಾಕಿ. ಗೈಡ್ ಯಾಕೆ ಬೇಕು ಅಂತ ಕೇಳಿದರೆ ಆ ಪಟ್ಟಿಯನ್ನೇ ಅವರ ಮುಂದಿಡಿ.